ಅರ್ಧ ಬೆರಳು ಓರೆ

ರಾತ್ರಿಪಾಳಿ ಮುಗಿಸಿ ಬರುವಾಗ
ಗೋಪಾಳದ ಬೀದಿಯಲ್ಲಿ ಹಾಲಿನ ವ್ಯಾನು,
ಸ್ಕೂಲಿನ ಆಟೋ, ಇನ್ನೂ ಒಣಗದ ರಂಗೋಲಿ.
ಎಲ್ಲರಿಗೂ ಬೆಳಗಾಗುತ್ತಿರುತ್ತದೆ.
ನನಗೆ ಆಗಲೇ ಕತ್ತಲು ಬೇಕು.

ಬಾಡಿಗೆ ಕೋಣೆಯ ಕಿಟಕಿ ಮೂಡಣಕ್ಕೆ.
ಮೂರು ವರ್ಷ ಅಲ್ಲಿ ಹಳೇ ಬೆಡ್‌ಶೀಟು, ನಾಲ್ಕು ಬಟ್ಟೆಕ್ಲಿಪ್ಪು.
ಗಾಳಿ ಬಂದರೆ ಒಂದು ಕ್ಲಿಪ್ಪು ನೆಲಕ್ಕೆ,
ಸೂರ್ಯ ನೇರ ರೆಪ್ಪೆಯ ಮೇಲೆ.
ಷಣ್ಮುಖನಿಗೆ ಐದು ಸಲ ಫೋನು ಮಾಡಿದ್ದೆ.
"ನಾಳೆ ಹನ್ನೊಂದಕ್ಕೆ ಗ್ಯಾರಂಟಿ ಮೇಡಂ."
ಹನ್ನೊಂದು ಅಂದರೆ ನನ್ನ ನಡುರಾತ್ರಿ
ಎಂದು ಅವನಿಗೆ ಹೇಗೆ ಹೇಳುವುದು.

ವಾರದ ರಜೆಯಲ್ಲಿ ದುರ್ಗಿಗುಡಿಗೆ ಹೋಗಿ
ಅಳತೆ ಕೊಟ್ಟು ತಂದೆ ಬೂದು ರೋಲರ್ ಬ್ಲೈಂಡು,
ಎರಡು ಬ್ರಾಕೆಟ್ಟು, ಆರು ಸ್ಕ್ರೂ, ಆರು ಪ್ಲಗ್ಗು.
"ಯಾರು ಹಾಕ್ತಾರೆ?" ಅಂದ ಅಂಗಡಿ ಹುಡುಗ.
"ನಾನೇ" ಅಂದೆ.
ಇನ್ನೂ ನಾಕು ಪ್ಲಗ್ಗು ಪೊಟ್ಟಣಕ್ಕೆ ಹಾಕಿದ.

ಡ್ರಿಲ್ಲು ಕೆಳಮನೆಯ ಕರಿಬಸಪ್ಪನವರದ್ದು.
ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು,
ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದರು.
ಕೊಡುವಾಗ ಅವರ ಬೆರಳು ನಡುಗಿದ್ದು ನೋಡಿದೆ.
ನೋಡುವುದು ನನ್ನ ಕೆಲಸ. ಹೇಳಲಿಲ್ಲ.
ಅವರೂ "ನಾನೇ ಹಾಕಿಕೊಡ್ತೀನಿ" ಅನ್ನಲಿಲ್ಲ.
ಸ್ಟೂಲು ಹಿಡಿದು ನಿಂತರು.

ರಸಮಟ್ಟ ಇರಲಿಲ್ಲ.
ತಾರೀಖು ಮೀರಿ ಬಿಸಾಕಿದ ಡ್ರಿಪ್ಪಿನ ಪೈಪಿತ್ತು, ನೀರು ತುಂಬಿ
ಕಿಟಕಿಯ ಆಚೆ ತುದಿ ನಾನು, ಈಚೆ ತುದಿ ಅವರು.
ನೀರಿಗೆ ಮುಲಾಜಿಲ್ಲ.
ಅದು ನಿಂತಲ್ಲಿ ಪೆನ್ಸಿಲಿನ ಎರಡು ಗೀಟು.
ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತ ಹೋದೆ
ಮುದುಕರ ತೋಳಿನಲ್ಲಿ ನರ ಹುಡುಕುವ ಹಾಗೆ:
ಇಲ್ಲಿ ಪೊಳ್ಳು, ಇಲ್ಲಿ ಪೊಳ್ಳು, ಹಾಂ, ಇಲ್ಲಿ.
ಬಿಟ್ಟಿಗೆ ಗಾಯದ ಪಟ್ಟಿ ಸುತ್ತಿದೆ,
ಇಷ್ಟೇ ಆಳ, ಇದಕ್ಕಿಂತ ಒಳಗೆ ಬೇಡ.

ಮೊದಲ ತೂತು ಬೆಣ್ಣೆ.
ಕೆಂಪಗೆ ಸುರಿಯಿತು. ಇಟ್ಟಿಗೆಯ ರಕ್ತ ಅಂತ ಬರೆಯಲಾರೆ,
ರಕ್ತ ಹೇಗಿರುತ್ತದೆ ನನಗೆ ಗೊತ್ತು.
ಇದು ಬರೀ ಪುಡಿ, ಮೂಗಿಗೆ ಹೋದರೆ ಸೀನು.

ಎರಡನೆಯದು ಉಗುರಿನಷ್ಟು ಹೋಗಿ
ಕಿರ್ರೆಂದು ಅರಚಿ ನಿಂತಿತು. ಲಿಂಟಲ್ಲಿನ ಕಂಬಿ.
ಹಟಕ್ಕೆ ಬಿದ್ದು ಒತ್ತಿದೆ, ಭುಜ ಕೊಟ್ಟು ಒತ್ತಿದೆ.
"ಒತ್ಬೇಡ ತಾಯಿ, ಅಲ್ಲಿ ದಾರಿ ಇಲ್ಲ. ಕೆಳಗಿಳಿ."
ಇಳಿದೆ, ಅರ್ಧ ಬೆರಳು.
ನೀರು ಒಂದು ಹೇಳಿತ್ತು, ಕಬ್ಬಿಣ ಇನ್ನೊಂದು.
ಕೆಟ್ಟ ತೂತಿಗೆ ಬಿಳೀ ಟೂತ್‌ಪೇಸ್ಟು ಮೆತ್ತಿದೆ,
ಓನರು ಬಂದರೆ ಗೋಡೆ ಹಲ್ಲು ಕಿರಿಯಲಿ ಎಂದು.

ಹುಮ್ಮಸ್ಸು. ಹಾಸಿಗೆಯ ತಲೆಗೊಂದು ದೀಪವನ್ನೂ ಕೂರಿಸೋಣ ಅಂದೆ.
ಮೇನು ಇಳಿಸಿ, ಟೆಸ್ಟರಿಟ್ಟು ನೋಡಿ, ಬೋರ್ಡು ಬಿಚ್ಚಿದರೆ
ಕೆಂಪು ವೈರಿದೆ, ಕಪ್ಪಿದೆ, ಹಸಿರಿಲ್ಲ.
"ಈ ಮನೆಗೆ ಅರ್ಥೇ ಇಲ್ಲ" ಅಂದರು ಕರಿಬಸಪ್ಪ.
ಒಂದು ಗಳಿಗೆ ಇಬ್ಬರೂ ಸುಮ್ಮನಿದ್ದು
ಆಮೇಲೆ ನಕ್ಕೆವು, ಸ್ಟೂಲು ಅಲ್ಲಾಡುವಷ್ಟು.
ನಗುವಾಗ ಅವರ ಕೈ ನಡುಗುತ್ತಿರಲಿಲ್ಲ,
ಅಥವಾ ನಾನು ನೋಡಲಿಲ್ಲ.
ದೀಪ ಇನ್ನೂ ಡಬ್ಬಿಯಲ್ಲೇ ಇದೆ.

ಈಗ ದಾರ ಎಳೆದರೆ ಕೋಣೆ ತುಂಬ ಬೂದು ರಾತ್ರಿ.
ಓರೆಯಾದ ಕಡೆ ಮಾತ್ರ ಒಂದು ಸಂದು.
ಅಲ್ಲಿಂದ ನುಸುಳಿದ ಬಿಸಿಲು, ಕೊಬ್ಬರಿ ಹೋಳಿನಷ್ಟು,
ಗೋಡೆ ಹಿಡಿದು ನಡೆದು ಕ್ಯಾಲೆಂಡರಿನ ತನಕ ಬರುತ್ತದೆ.
ಅದು ಯಾವ ತಾರೀಖಿಗೆ ಮುಟ್ಟುತ್ತದೆ ನೋಡಬೇಕು ಅಂದುಕೊಳ್ಳುತ್ತೇನೆ,
ಅಷ್ಟರಲ್ಲಿ ನಿದ್ದೆ.
ಸರಿ ಮಾಡಬಹುದು, ಸ್ಕ್ರೂ ಸಡಿಲಿಸಿ ಒಂದು ವಾಶರು ಇಟ್ಟರಾಯಿತು.
ವಾಶರು ತಂದಿದ್ದೇನೆ. ಇಟ್ಟಿಲ್ಲ.

ನಿನ್ನೆ ಷಣ್ಮುಖ ಬಂದಿದ್ದನಂತೆ,
ಸರಿಯಾಗಿ ಹನ್ನೊಂದಕ್ಕೆ, ಹೆಗಲಲ್ಲಿ ಏಣಿ.
ಬಾಗಿಲು ಬಡಿದೂ ಬಡಿದೂ ಹೋದನಂತೆ.
ಕರಿಬಸಪ್ಪ ಹೇಳಿದರು, ಸಂಜೆ.
ನನಗೆ ಕೇಳಿಸಿಯೇ ಇಲ್ಲ.