ಷರಾ

ನಮ್ಮ ಓಣಿಯೊಳಗ ಪ್ರತಿ ಕಾಗದಕ್ಕೂ ಎರಡು ಭಾಷಾ:
ಬರೆಯೂದು ಮರಾಠಿ, ಬೈಯೂದು ಕನ್ನಡ.
ಘರಪಟ್ಟಿ ನೋಟೀಸು ಬಂದ ದಿನ
ಪುತಳವ್ವಾಯಿ, ‘ಬಂತು ನೋಡು ಮನೀ ದಂಡ’ ಅಂತಿದ್ಲು.

ಡಾಲ್ಡಾ ಡಬ್ಬಿಯೊಳಗ ನಲವತ್ತಮೂರು ವರ್ಷದ ಪಾವತಿ.
ಒಂದೂ ತಪ್ಪಿಲ್ಲ.
ತಪ್ಪಿದ್ದು ಒಂದೇ ವರ್ಷ,
ಅವತ್ತು ತಾಮ್ರದ ಹಂಡೆ ಹೊತಗೊಂಡು ಹೋದರು.
ಅದರ ಚೀಟಿನೂ ಇಟ್ಟಾಳ:
‘ಜಪ್ತಿ. ಹಂಡೆ ಒಂದು. ಕಂಠ ನೆಗ್ಗಿದ್ದು.’

ಈಗ ನನಗ ಪಂಚಾಯತಿಯೊಳಗ ಕೆಲಸ, ದಿನಗೂಲಿ,
ಅಕ್ಕಲಕೋಟಿ ತಾಲೂಕಿನ ಹುಳ ತಿಂದ ರಜಿಸ್ಟರ
ಕಂಪ್ಯೂಟರಿಗೆ ಏರಸೂದು.

ಪುಟ ಹದಿನೇಳು. ಪಾಟೀಲರ ವಾಡೆ.
ಹನ್ನೆರಡು ಅಂಕಣ, ಬುರುಜು, ಒಳಗೊಂದು ಬಾವಿ.
ಷರಾ: ‘ಮಣ್ಣಿನ ಮಾಳಿಗಿ. ಹಳೇದು.’
ಕರ ನೂರಾ ಹತ್ತು.

ಪುಟ ನಲವತ್ತೊಂದು. ನಾವು.
ಪತ್ರಾಸಿನ ಒಂದ ಖೋಲಿ.
ಹಾವು ಬರತಾವಂತ ಆಯಿ ಹೊಸ್ತಿಲಿಗೆ
ಒಂದು ಬುಟ್ಟಿ ಸಿಮೆಂಟ ಮೆತ್ತಿಸಿದ್ಲು.
ಷರಾ: ‘ಪಕ್ಕಾ. ಹೊಸಾದು.’
ಕರ ನೂರಾ ಎಂಬತ್ತು.

ಭಾವುಸಾಹೇಬರಿಗೆ ತೋರಿಸಿದೆ.
ಚಸ್ಮಾ ಒರಸಿಕೊಂಡು, ‘ಇದ್ದದ್ದು ಇದ್ದಂಗ ಹೊಡಿ’ ಅಂದರು.
ಆಮ್ಯಾಲ ದನಿ ಇಳಿಸಿ:
‘ಅಳತಿಗೆ ಬಂದಾವರು ವಾಡೇದಾಗ ಉಂಡಿದ್ರು.
ನಿಮ್ಮ ಓಣಿಗೆ ಕಾಲು ಇಡಲಿಲ್ಲ,
ಅಗಸಿಯಿಂದಲೇ ನೋಡಿ ಬರಕೊಂಡ್ರು.’

ಬಿಸಿಲಿಗೆ ಆ ಸಿಮೆಂಟ ಹೊಳದಿರಬೇಕು.

ಹೋದ ಮಳೆಗಾಲ ತಂಗಿಯ ನರ್ಸಿಂಗಿಗೆ ಸಾಲ ಕೇಳಾಕ
ಇದೇ ಉತಾರ ಹಿಡಕೊಂಡು ಸೊಲ್ಲಾಪುರಕ್ಕ ಹೋಗಿದ್ದೆ.
ಮಾಲಕ: ಸರಕಾರ.
ಭೋಗವಟಾದಾರ: ಪುತಳವ್ವ ಯಲ್ಲಪ್ಪ ಮಡಿಖಾಂಬೆ.
ಮ್ಯಾನೇಜರನ ಬೆರಳು ಮೊದಲನೇ ಸಾಲು ದಾಟಲಿಲ್ಲ.
‘ಇದಕ್ಕ ಕಿಮ್ಮತ್ತಿಲ್ಲ ಬಾಯಿ.’
ಕರಕ್ಕ ಪಕ್ಕಾ, ಸಾಲಕ್ಕ ಗಾಳಿ.
ಆ ಹಳೇ ಮಣ್ಣಿನ ಮಾಳಿಗಿ ಮ್ಯಾಲ ಮಾತ್ರ
ಒಂದು ಟ್ರಾಕ್ಟರ ಎದ್ದೈತಿ, ಒಂದು ಪೆಟ್ರೋಲ್ ಪಂಪು,
ಪುಣೆಯೊಳಗ ಒಬ್ಬ ಡಾಕ್ಟರ.

ಹೆಚ್ಚಿಗಿ ಕಟ್ಟಿದ್ದು ಕೂಡಿಸಿದೆ.
ಮೂರು ಸಾವಿರದ ಮ್ಯಾಲ ಚಿಲ್ಲರ.
ಇಷ್ಟ ಏನು?
ಮೊದಲನೇ ವರ್ಷದ ಎಪ್ಪತ್ತು ರೂಪಾಯಿಗೆ
ಒಂದು ಆಡು ಬರತಿತ್ತು.
ಆಡಿಗೆ ಮರಿ, ಮರಿಗೆ ಮರಿ,
ಬೋರಿ ಹೊಳಿ ದಂಡಿ ತುಂಬ ಮೇಯತಿದ್ದವು ಇಷ್ಟೊತ್ತಿಗೆ.
ರಜಿಸ್ಟರದಾಗ ಮರಿಗಳಿಗೆ ಕಾಲಂ ಇಲ್ಲ.

ಷರಾ ಐತಿ. ಖಾಲಿ.
ಗೆರಿ ಮಿಣಮಿಣ ಅಂತ ಕಾಯಲಾಕ ಹತ್ತೈತಿ.
ಬಾಗಿಲ ಕಡೆ ಒಮ್ಮೆ ನೋಡಿ
ಹೊಡೀತೀನಿ:
ಹಂಡೆ ಒಂದು. ಕಂಠ ನೆಗ್ಗಿದ್ದು.
ಬರಬೇಕಾಗೈತಿ.