ಹನ್ನೆರಡು ಹದಿನಾಕ್ಲೆ

ಕ್ಯಾಬಿನೆಟ್ಟಿನ ಸಂಗಾಟ ಪುಕ್ಕಟೆ ಬರ್ತದ ಅಕ್ಕಾ, ಅಂದ ವೈಜನಾಥ.
ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿ, ಎರಡನೇ ಮಜಲಿ,
ಬೆವರುತ್ತಿದ್ದೆವು ಅವನೂ ನಾನೂ
ಗಾಜಿನ ಕಪಾಟಿನಾಗಿನ ಮದರ್‌ಬೋರ್ಡುಗಳೂ.
ಐನೂರು ವ್ಯಾಟ್, ನೋಡ್ರಿ, ದೊಡ್ಡಕ್ಷರದಾಗ ಬರದಾರ.

ಬರದಿದ್ದರು, ಖರೇ.

ಉಳಿದದ್ದೆಲ್ಲ ಆರಿಸೋದು ಸಸಾರಿತ್ತು.
ಪ್ರೊಸೆಸರಿಗಿ ಹೆಸರದ, ಮನೆತನ ಅದ, ಎಷ್ಟನೇ ತಲಿ ಅಂತ ಹೇಳ್ತಾರ.
ಗ್ರಾಫಿಕ್ಸ್ ಕಾರ್ಡಿಗಂತೂ ಮದುಮಗನ ಠೀವಿ,
ಪೆಟ್ಟಿಗಿ ಮ್ಯಾಲ ರಾಕ್ಷಸನ ಚಿತ್ರ.
ಲಗ್ನದ ವಿಡಿಯೋ ಕತ್ತರಿಸಿ ಹೊಟ್ಟಿ ಹೊರಿಯಾಕಿಗಿ
ರಾಕ್ಷಸ ಯಾಕ ಬೇಕೋ, ಆದ್ರೂ ಮನಸಿಗಿ ಬಂದಿದ್ದ.
ಈ ಕರಿ ಡಬ್ಬಿ ಮಾತ್ರ ಯಾರೂ ತಿರುಗಿ ನೋಡದ ಕನ್ಯಾ.

ನಮ್ಮ ಓಣಿ ಕರೆಂಟಿನ ಗುಣ ವೈಜನಾಥಗೇನು ಗೊತ್ತು.
ಏಪ್ರಿಲ್ ಸಂಜಿ ಏಳಕ್ಕ ಬಲ್ಬು ತತ್ತಿ ಬಂಡಾರ ಆಗ್ತದ,
ಮೀಟರ್ ಹಚ್ಚಿದ್ರ ನೂರಾ ಎಪ್ಪತ್ತು.
ಹಿತ್ತಲ ಕಡೆ ಬ್ಯಾಳಿ ಮಿಲ್ಲಿನ ಮೋಟಾರು ನಿಂತ ಗಳಿಗಿಗಿ
ಇನ್ನೂರಾ ಐವತ್ತಕ್ಕ ಹಾರಿ ಕೂಡ್ತದ, ಫ್ಯಾನು ಹುಚ್ಚೆದ್ದು ತಿರುಗ್ತದ.
ಹೋದ ವರ್ಷ ಹಳೇ ಕಂಪ್ಯೂಟರು ಹಿಂಗೇ ಹೋಯ್ತು.
ಹಾಗರಗಿಯವರ ಮಗಳ ಲಗ್ನ, ಕರೆಕ್ಟ್ ಅಕ್ಕಿಕಾಳಿನ ಹೊತ್ತಿಗಿ
ಟಪ್ ಅಂತ ಒಂದೇ ಸಪ್ಪಳ, ಕರಿದ ವಾಸನಿ.
ಆ ಅಕ್ಕಿಕಾಳು ಇನ್ನೂ ಕೆಳಗ ಬಿದ್ದಿಲ್ಲ.

ಹಿಂಗಾಗಿ ಡಬ್ಬಿ ಕಂಕುಳಾಗ ಹಿಡಕೊಂಡು ಗಂಜಿಗಿ ಹೋದೆ.
ಮಶಾಕ್ ಮಾಮಾ ಮೂವತ್ತು ವರ್ಷದಿಂದ
ಸುಟ್ಟ ಮೋಟಾರಿನ ಹೊಟ್ಟಿ ಬಗದು ತಾಮ್ರ ಸುತ್ತಾವ,
ಕಂಪ್ಯೂಟರ್ ಮುಟ್ಟಿದವನಲ್ಲ.
ಮೊದಲು ಅಂಗೈ ಮ್ಯಾಲ ಇಟಗೊಂಡು ಮ್ಯಾಲ ಕೆಳಗ ಮಾಡ್ದ,
ಕುಂಬಳಕಾಯಿ ಕೊಳ್ಳಾವರ ಗತೆ.
ಆಮ್ಯಾಲ ಚಷ್ಮಾ ಹುಡುಕಿದ, ಚಷ್ಮಾ ಹಣಿ ಮ್ಯಾಲೇ ಇತ್ತು.
ಚೀಟಿ ಓದಿದ, ದೊಡ್ಡಕ್ಷರ ಬಿಟ್ಟು, ಕೆಳಗ ಇರುವಿ ಸಾಲಿನಂಥ ಅಕ್ಷರ.
ಮಹಾನಂದಾ, ಮಗ್ಗಿ ಬರ್ತದೇನವಾ?
ಹನ್ನೆರಡು ವೋಲ್ಟು. ಹದಿನಾಕು ಆಂಪು.
ಹನ್ನೆರಡು ಹದಿನಾಕ್ಲೆ?

ನೂರಾ ಅರವತ್ತೆಂಟು.

ಮತ್ತ ಐನೂರು ಎಲ್ಲದ?
ನಾನು ಡಬ್ಬಿ ನೋಡಿದೆ. ಡಬ್ಬಿ ಸುಮ್ಮನಿತ್ತು.

ಅಲ್ಲೇ, ಬೇರಿಂಗ್ ಖೋಕಾದ ಹರಿದ ಪುಟ್ಟಿ ಮ್ಯಾಲ ಲೆಕ್ಕ ಹಾಕಿದೆವು.
ಪ್ರೊಸೆಸರಿಗಿ ತೊಂಬತ್ತು, ರಾಕ್ಷಸಗ ಇನ್ನೂರಾ ಮೂವತ್ತು,
ಡಿಸ್ಕು, ಫ್ಯಾನು, ಚಿಲ್ಲರೆ ಪಲ್ಲರೆ ಐವತ್ತು.
ಬ್ಯಾಸಿಗಿಗಿ ಅಂತ ಮಾಮಾ ತನ್ನ ಕಡೆಯಿಂದ ನೂರು ಕೂಡಿಸಿದ,
ಚಾ ತರಿಸಿದ,
ಎತ್ತು ದೌಡ ಓಡೋದು ಯಾವಾಗಲೂ ಬರಲ್ಲ, ಅಂದ.

ಮರುದಿನ ವೈಜನಾಥ ಕಪಾಟಿನ ತಳದಿಂದ ಒಂದು ತೆಗೆದ.
ಐನೂರ ಐವತ್ತು, ಹನ್ನೆರಡರ ಸಾಲಿನಾಗ ನಲವತ್ತೈದು ಆಂಪು.
ಅಲ್ಲೇ ನಿಂತು ಗುಣಿಸಿದೆ, ಐನೂರಾ ನಲವತ್ತು. ಸುಳ್ಳಿಲ್ಲ.
ಐದು ವರ್ಷದ ಗ್ಯಾರಂಟಿ, ಕೈಗಿ ರೊಟ್ಟಿ ಹಂಚಿನ ಭಾರ,
ನಾಕು ಸಾವಿರದ ಆರುನೂರು.
ಎರಡು ಲಗ್ನದ ಆಲ್ಬಮ್ಮು, ಫೋಟೋ ಹಚ್ಚಿದ್ದಕ್ಕ ಸಹಿತ.
ಅಷ್ಟು ರೊಕ್ಕ ಎಲ್ಲಿಂದ ತರಲಿ,
ರಾಕ್ಷಸನ್ನ ವಾಪಸ್ ಕಪಾಟಿಗಿ ಕಳಿಸಿದೆ.
ಅವನ ತಮ್ಮ ಬಂದ, ಪೆಟ್ಟಿಗಿ ಮ್ಯಾಲ ಚಿತ್ರಿಲ್ಲದವ.

ಈಗ ಅದು ಕ್ಯಾಬಿನೆಟ್ಟಿನ ತಳದಾಗ ಮುಚ್ಚಗಿ ಹಾಕ್ಕೊಂಡು ಕೂತದ.
ನೋಡಾಕ ಬಂದವರು ಬಣ್ಣದ ಫ್ಯಾನಿನ ಬೆಳಕು ನೋಡ್ತಾರ.
ನಿನ್ನೆ ಸಂಜಿ ಬಲ್ಬು ಹಳದಿ ಆತು, ಹಾರಿ ಬೆಳ್ಳಗಾತು,
ಪರದೆ ಮ್ಯಾಲ ಒಬ್ಬಾಕಿ ಮದುಮಗಳು
ಅರಿಷಿಣದ ಕೈಲೆ ನೊಣ ಹೊಡಿಲತ್ತಿದ್ದಳು, ಹೊಡಿತಾನೇ ಇದ್ದಳು.

ಪುಕ್ಕಟೆ ಡಬ್ಬಿ ಮಾಮಾಗ ಕೊಟ್ಟೆ.
ಬಿಚ್ಚಿ ನೋಡಿ, ಇದ್ರಾಗ ತಾಮ್ರದ ಹೆಸರಿಲ್ಲವಾ, ಅಂದ.
ಅಂಗಡಿ ಬಾಗಲಿಗಿ ಅಡ್ಡ ಇಟ್ಟಾನ.
ಮಧ್ಯಾಹ್ನದ ಬಿಸಿಗಾಳಿಗಿ ಬಾಗಲಾ ಮುಚ್ತದ,
ಡಬ್ಬಿನೂ ಅದರ ಸಂಗಾಟ ಸರೀತದ.