ಒಂದೇ ಅಕ್ಷರ

ಆಗ ನನಗೆ ಬರುತ್ತಿದ್ದ ಜರ್ಮನ್ ಅಂದರೆ
ಜ್ವರ, ನೋವು, ಮೂತ್ರ, ಮಲ,
ಶುಭೋದಯ, ಕ್ಷಮಿಸಿ.
ಹೆಣ ಒರೆಸುವುದಕ್ಕೆ ಭಾಷೆ ಬೇಕಿರಲಿಲ್ಲ.

ಬರ್ಲಿನ್, ಎಪ್ಪತ್ತೆರಡನೇ ಇಸವಿ. ಕಾಲುವೆ ಕಲ್ಲಾಗಿತ್ತು.
ಮಂಜುಗಡ್ಡೆಯ ಮೇಲೆ ಬಾತುಗಳು ಸುಮ್ಮನೆ ನಿಂತಿದ್ದವು,
ಪಾಳಿ ತಪ್ಪಿಸಿಕೊಂಡ ಕೂಲಿಗಳ ಹಾಗೆ.

ಮೂರನೇ ಮಂಚದ ರಾದೊಯ್ಕಾ, ಸೆರ್ಬಿಯಾದವಳು,
ಪಿತ್ತಕೋಶ ತೆಗೆಸಿಕೊಂಡು ಮಲಗಿದ್ದಳು.
ನೋವಿದೆಯಾ, ಎಂದೆ.
ನೆ, ಎಂದಳು.
ನಮ್ಮ ಕೊರಿಯಾದಲ್ಲಿ ನೆ ಅಂದರೆ ಹೌದು.
ಚುಚ್ಚಿದೆ ಸೂಜಿ.
ಮತ್ತೆ ಕೇಳಿದೆ. ನೆ! ನೆ! ಎಂದು ಕಿರುಚಿದಳು.
ಅಯ್ಯೋ ಪಾಪ, ಇಷ್ಟೊಂದು ನೋವೇ ಅಂತ
ಎರಡನೇ ಸೂಜಿಗೆ ಮದ್ದು ತುಂಬುತ್ತಿದ್ದೆ,
ನೆಲ ಒರೆಸುತ್ತಿದ್ದ ಎವಾಂಥಿಯಾ ಕೋಲು ಬಿಸಾಕಿ
ಓಡಿ ಬಂದು ಮಣಿಕಟ್ಟು ಹಿಡಿದಳು.
ಅವಳು ಗ್ರೀಕಳು; ಅವಳ ಮನೆಯಲ್ಲೂ ನೆ ಅಂದರೆ ಹೌದೇ.
ಆದರೆ ಬಲ್ಬು ಕಾರ್ಖಾನೆಯಲ್ಲಿ ಸೆರ್ಬರ ಪಕ್ಕ ಕೂತು
ಮೂರು ವರ್ಷ ಈ ಮೋಸ ತಿಂದಿದ್ದಳು.
ಪಕ್ಕದ ಮಂಚದಿಂದ ತುರ್ಕಿಯ ಹಾನಿಫೆ
ಹೊದಿಕೆ ಸರಿಸಿ, ನೆ? ನೆ? ಎನ್ನುತ್ತಿದ್ದಳು.
ಏನು, ಏನಾಯಿತು ಅಂತ.
ಅವತ್ತು ನಕ್ಕ ನಗೆಗೆ ರಾದೊಯ್ಕಾಳ ಒಂದು ಹೊಲಿಗೆ ಬಿಚ್ಚಿತು.

ಆಮೇಲೆ ಫೆಬ್ರವರಿಯಲ್ಲಿ, ರೈಲು ನಿಲ್ದಾಣದ ಬೆಂಚಿನಿಂದ
ಪೊಲೀಸರು ಒಬ್ಬ ಮುದುಕಿಯನ್ನು ಎತ್ತಿ ತಂದರು.
ಕಾಗದವಿಲ್ಲ, ಚೀಲವಿಲ್ಲ.
ಲಂಗದ ಒಳಜೇಬಿನಲ್ಲಿ ಬಟ್ಟೆಗಂಟು,
ಗಂಟಿನಲ್ಲಿ ಹದಿನೇಳು ಕಲ್ಲಂಗಡಿ ಬೀಜ.
ಕಲ್ಲಂಗಡಿಯೋ, ಎಲ್ಲ ಊರಲ್ಲೂ ಬೆಳೆಯುತ್ತದೆ.
ಮುಖವೋ, ಗಾಳಿ ಬಿಸಿಲು ತಿಂದ ಯಾವ ಮುದುಕಿಯದಾದರೂ ಆದೀತು.
ಫಾರಮಿನಲ್ಲಿ ಹೆಸರು, ಊರು, ಭಾಷೆ:
ಮೂರೂ ಖಾಲಿ.

ನಾಲ್ಕನೇ ರಾತ್ರಿ, ಬೆಳಗಾಗಲು ಇನ್ನೂ ಹೊತ್ತಿತ್ತು.
ಥಟ್ಟನೆ ಕಣ್ಣು ಬಿಟ್ಟಳು.
ನನ್ನನ್ನಲ್ಲ, ನನ್ನ ಹೆಗಲಾಚೆ ನೋಡಿದಳು.
ಮೆಲ್ಲನೆ, ನೆ, ಎಂದಳು.
ಅಷ್ಟೇ.
ಕೈ ಹಿಡಿದೇ ಇದ್ದೆ, ಬೆಚ್ಚಗಿದ್ದದ್ದು ತಣ್ಣಗಾಗುವ ತನಕ.

ರಾದೊಯ್ಕಾ ಎದ್ದು ಕೂತು ಶಿಲುಬೆ ಗುರುತು ಮಾಡಿಕೊಂಡಳು:
ಒಲ್ಲೆ ಅಂದಳು. ಸರಿಯಾಗೇ ಅಂದಳು.
ಇಲ್ಲಿ ಸಾಯಲು ಯಾರಿಗೆ ಇಷ್ಟ?
ಎವಾಂಥಿಯಾ ಕೋಲಿಗೆ ಗಲ್ಲ ಆನಿಸಿ:
ಹೂಂ ಅಂದಳು. ಬಾಗಿಲು ತೆಗೆಯುವಾಗ
ನಮ್ಮಜ್ಜಿಯೂ ಹೀಗೇ ಅನ್ನುತ್ತಿದ್ದಳು.
ಹಾನಿಫೆ ತುಂಬ ಹೊತ್ತು ಏನೂ ಹೇಳಲಿಲ್ಲ.
ಕೊನೆಗೆ: ಏನು ಅಂದಳು, ಅಷ್ಟೇ.
ಯಾರೋ ಏನೋ ಹೇಳಿದರು. ಅವಳಿಗೆ ಕೇಳಿಸಲಿಲ್ಲ.
ಇನ್ನೊಮ್ಮೆ ಹೇಳಬೇಕಿತ್ತು.

ನಾನು ಹೇಳಲಿಲ್ಲ, ಆಗ ಮಾತು ಸಾಲದು.
ನಮ್ಮಲ್ಲಿ ನೆ ಬರೀ ಹೌದಲ್ಲ.
ಗದ್ದೆಯಾಚೆಯಿಂದ ಅಮ್ಮ, ಮಲ್‌ಸುನ್, ಅಂತ ಕೂಗಿದರೆ
ಈಚೆಯಿಂದ ಓಗೊಡುವುದೂ ಅದೇ ನೆ.
ಒಪ್ಪಿದೆ ಅಂತಲ್ಲ, ಇದ್ದೇನೆ ಅಂತ.

ಅಥವಾ ಅದು ಮಾತೇ ಅಲ್ಲವೇನೋ,
ಯಾವುದೋ ಮಾತಿನ ಮೊದಲಕ್ಷರ,
ಉಳಿದದ್ದು ಬಾಯಲ್ಲೇ ಉಳಿಯಿತೇನೋ.

ಬೆಳಗ್ಗೆ ಡಾಕ್ಟರ್ ಲ್ಯೂಡೆಕೆ ಬಂದ, ಸಹಿ ಹಾಕಿದ.
ಬರ್ಲಿನಿನವರು ಮಾತಿನ ಬಾಲಕ್ಕೆ ಅದನ್ನೇ ಅಂಟಿಸುತ್ತಾರೆ;
ಎಳೆದರೆ ಇಲ್ಲ, ಗಿಡ್ಡ ಬಿಟ್ಟರೆ ಅಲ್ಲವಾ.
ಮುಗಿಯಿತು, ನೆ? ಎಂದ.
ಅಭ್ಯಾಸಬಲ,
ನೆ, ಎಂದೆ.

ಬೀಜಗಳನ್ನು ತಲಾ ನಾಲ್ಕರಂತೆ ಹಂಚಿಕೊಂಡೆವು, ಕದ್ದು.
ಮಿಕ್ಕ ಒಂದನ್ನು ಅವಳ ಮುಷ್ಟಿಯೊಳಗಿಟ್ಟು ಮಡಚಿದೆ.
ನನ್ನವು ಮೊಳೆಯಲಿಲ್ಲ. ಕುಂಡ ಚಿಕ್ಕದು, ಬಿಸಿಲು ಕಡಿಮೆ.

ಮಗಳು ಇಲ್ಲೇ ಹುಟ್ಟಿದವಳು. ಫೋನಿನಲ್ಲಿ
ಭಾನುವಾರ ಬರ್ತೀನಿ, ನೆ? ಔಷಧಿ ತಗೋ, ನೆ?
ನೆ, ನೆ, ಅನ್ನುತ್ತೇನೆ.
ಅಮ್ಮ ಎಲ್ಲಕ್ಕೂ ಒಪ್ಪುತ್ತಾಳೆ ಅಂದುಕೊಂಡಿದ್ದಾಳೆ.
ಅರ್ಧಕ್ಕರ್ಧ ಸಲ
ನಾನು ಬರೀ ಓಗೊಡುತ್ತಿರುತ್ತೇನೆ.